ನಾಳೆ ತಡವಾಗಿ ಬಂದ ಊರುಗಳು

1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳ ಹಲವು ಹಳ್ಳಿಗಳ ಜನ ಸಂಜೆಯಾಗುತ್ತಲೇ ಟಿ.ವಿ. ಮುಂದೆ ನೆರೆಯುತ್ತಿದ್ದರು. ಕನ್ನಡದ ಕಾರ್ಯಕ್ರಮಗಳು ನೇರವಾಗಿ ಉಪಗ್ರಹದಿಂದ ಇಳಿದು ಬರುತ್ತಿದ್ದವು. ನಾಸಾದ ಎಟಿಎಸ್-6 ಉಪಗ್ರಹವನ್ನು ವರ್ಷದ ಮಟ್ಟಿಗೆ ಪಡೆದು ಇಸ್ರೋ ನಡೆಸಿದ ಆ ಪ್ರಯೋಗದ ಹೆಸರು ‘ಸೈಟ್’. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರಲ್ಲಿದ್ದವು. ಅದೇ ಉಪಗ್ರಹದ ಸಂಕೇತವನ್ನು ಕೊಲಂಬೊದ ತಮ್ಮ ಮನೆಯಲ್ಲಿ ಕೂತು ನೋಡುತ್ತಿದ್ದವರು ಆರ್ಥರ್ ಸಿ. ಕ್ಲಾರ್ಕ್. ಇಸ್ರೋದ ಎಂಜಿನಿಯರುಗಳೇ ಹೋಗಿ ಅವರ ಮನೆಗೆ ಡಿಶ್ ಕೂರಿಸಿಕೊಟ್ಟಿದ್ದರು. ಭೂಮಿಯ ಜೊತೆಜೊತೆಗೇ ತಿರುಗುತ್ತ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳಿಂದ ಜಗತ್ತಿಗೆಲ್ಲ ಸುದ್ದಿ ಮುಟ್ಟಿಸಬಹುದು ಎಂದು 1945ರಲ್ಲೇ ಲೇಖನ ಬರೆದವರು ಅವರು. ಸ್ಟ್ಯಾನ್ಲಿ ಕುಬ್ರಿಕ್ ಜೊತೆ ಕೂಡಿ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರಕಥೆ ಬರೆದವರೂ ಅವರೇ.

ಕ್ಲಾರ್ಕ್ ಕಾಗದದ ಮೇಲೆ ಊಹಿಸಿದ ಯಂತ್ರ ಮೂವತ್ತು ವರ್ಷದಲ್ಲಿ ರಾಯಚೂರಿನ ಹಳ್ಳಿಗೆ ಬಂತು. ಅವರು ಬರೆದ ಸಿನಿಮಾ ಮಾತ್ರ ಬರಲಿಲ್ಲ. ಭವಿಷ್ಯ ಬಂತು, ಭವಿಷ್ಯದ ಕಥೆ ಬರಲಿಲ್ಲ. ಇದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಸಂಗತಿ. ಯಂತ್ರವನ್ನು ಹಳ್ಳಿಗೆ ಕೊಡಲು ಸರ್ಕಾರಕ್ಕೆ, ವ್ಯಾಪಾರಕ್ಕೆ ಕಾರಣಗಳಿರುತ್ತವೆ. ಆ ಯಂತ್ರದ ಬಗ್ಗೆ ಯೋಚಿಸಲು ಬೇಕಾದ ಕಲ್ಪನೆಯನ್ನು ಕೊಡಲು ಯಾರಿಗೂ ಅವಸರವಿರುವುದಿಲ್ಲ. ಹಾಗಾಗಿ ನಮ್ಮ ಕಡೆಯ ಊರುಗಳು ಟಿ.ವಿ., ಮೊಬೈಲು, ಡ್ರೋನು ಎಲ್ಲವನ್ನೂ ಮೊದಲು ಬಳಸಿ, ಅವುಗಳ ಬಗ್ಗೆ ಜಗತ್ತು ಕಟ್ಟಿದ ಕಥೆಗಳನ್ನು ಆಮೇಲೆ ಕೇಳಿವೆ, ಇಲ್ಲವೇ ಕೇಳಿಯೇ ಇಲ್ಲ.

ನಮ್ಮ ಕಡೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈಗ ಒಂದೇ ದಾವಣಗೆರೆ ಜಿಲ್ಲೆಯಲ್ಲಿವೆ. 1997ಕ್ಕೆ ಮುಂಚೆ ಮೊದಲ ಮೂರು ಶಿವಮೊಗ್ಗಕ್ಕೂ ಜಗಳೂರು ಚಿತ್ರದುರ್ಗಕ್ಕೂ ಸೇರಿದ್ದವು; ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು ತೀರಾ ಈಚೆಗೆ. ಭದ್ರಾ ನಾಲೆ, ಅಡಕೆ ತೋಟ ಇರುವ ಚನ್ನಗಿರಿಗೂ ಮಳೆಯನ್ನೇ ನಂಬಿದ ಜಗಳೂರಿಗೂ ಹೋಲಿಕೆ ಕಡಿಮೆ. ಆದರೆ ಸಿನಿಮಾದ ಮಟ್ಟಿಗೆ ನಾಲ್ಕೂ ಒಂದೇ ಸಾಲಿನಲ್ಲಿ ನಿಂತಿದ್ದವು. ಹೊಸ ಕನ್ನಡ ಚಿತ್ರ ದೊಡ್ಡ ಊರಲ್ಲಿ ಓಡಿ, ರೀಲು ಗೀಚಿ, ಬಿಟ್ ಬಿಟ್ ಆದ ಮೇಲೆ ಇಲ್ಲಿಯ ಟಾಕೀಸಿಗೆ, ಟೆಂಟಿಗೆ ಬರುತ್ತಿತ್ತು. ಇಂಗ್ಲಿಷ್ ಚಿತ್ರ ನೋಡಬೇಕೆಂದರೆ ಬಸ್ಸು ಹತ್ತಿ ದಾವಣಗೆರೆಗೋ ಶಿವಮೊಗ್ಗಕ್ಕೋ ಹೋಗಬೇಕಿತ್ತು.

ನಮಗೆ ಇಂಗ್ಲಿಷ್ ಚಿತ್ರಗಳು ಮನೆಬಾಗಿಲಿಗೆ ಬಂದದ್ದು ವಿಡಿಯೊ ಕ್ಯಾಸೆಟ್ ಹಾಕುವ ವಿಸಿಪಿಯ ಕಾಲದಲ್ಲಿ. ಗಣಪತಿ ಹಬ್ಬಕ್ಕೆ ಹುಡುಗರು ಪಟ್ಟಿ ಎತ್ತಿ ಕಲರ್ ಟಿ.ವಿ.ಯನ್ನೂ ವಿಸಿಪಿಯನ್ನೂ ಒಂದು ರಾತ್ರಿಗೆ ಬಾಡಿಗೆ ತರುತ್ತಿದ್ದರು. ಮೊದಲು ರಾಜ್‌ಕುಮಾರ್, ಆಮೇಲೆ ಶಂಕರ್‌ನಾಗ್. ಹೆಂಗಸರು ಮಕ್ಕಳು ಎದ್ದುಹೋದ ಮೇಲೆ ‘ಇಂಗ್ಲಿಷ್ ಫೈಟಿಂಗ್ ಪಿಚ್ಚರ್’. ‘ದ ಟರ್ಮಿನೇಟರ್’ ನಾನು ನೋಡಿದ್ದು ಹಾಗೆ. ಪರದೆಯ ಕೆಳಗಡೆ ಬಿಳಿ ಗೆರೆಗಳು ಹರಿದಾಡುತ್ತಿದ್ದವು. ವಿಸಿಪಿ ತಂದವನು ಮುಚ್ಚಳ ಬಿಚ್ಚಿ, ಹೊಸ ಗರಿಗರಿ ನೋಟನ್ನು ಸ್ಪಿರಿಟ್‌ನಲ್ಲಿ ಅದ್ದಿ, ಹೆಡ್ಡಿಗೆ ಒತ್ತಿಹಿಡಿದು ಮೆಲ್ಲಗೆ ತಿಕ್ಕಿದ. ಚಿತ್ರ ನಿಚ್ಚಳವಾಯಿತು, ಮಾತು ಮಾತ್ರ ಹೆಚ್ಚಿನವರಿಗೆ ತಿಳಿಯಲಿಲ್ಲ. ಕಂಬಳಿ ಹೊದ್ದು ಕೂತಿದ್ದ ಅಜ್ಜರೊಬ್ಬರು ಪಿಯುಸಿ ಓದುವ ಹುಡುಗನನ್ನು ಕೇಳಿದರು:

“ಏನಂತಾನೋ ತಮ್ಮಾ ಅವ್ನು?”

“ಮುಂದಿನ ಕಾಲದಿಂದ ಬಂದಾನೆ ಅಜ್ಜಾ. ಆ ಹುಡುಗಿಗೆ ಹುಟ್ಟೋ ಮಗ ಇವ್ರನ್ನೆಲ್ಲ ಸೋಲಿಸ್ತಾನಂತೆ. ಅದ್ಕೇ ಮಗ ಹುಟ್ಟಾಕಿಂತ ಮುಂಚೆ ತಾಯೀನೇ ಕೊಲ್ಲಾಕೆ ಕಳಿಸ್ಯಾರೆ.”

“ಹಂಗಾದ್ರೆ ಕಂಸನ ಕಥೆ ಬಿಡು. ದೇವಕಿ ಎಲ್ಲಿ ಬಚ್ಚಿಟ್ಕಂತಾಳೋ ನೋಡಾನ.”

ಆ ಮಾತನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಆಕಾಶವಾಣಿ ಕೇಳಿ ಮುಂದಾಗುವುದನ್ನು ಅರಿತ ಕಂಸ, ಅದನ್ನು ತಪ್ಪಿಸಲು ಹೋಗಿಯೇ ಅದು ಆಗುವಂತೆ ಮಾಡಿಕೊಳ್ಳುತ್ತಾನೆ. ಜೇಮ್ಸ್ ಕ್ಯಾಮರೂನ್ 1984ರಲ್ಲಿ ತೆಗೆದ ಚಿತ್ರದ ಒಳಗುಟ್ಟೂ ಇದೇ: ಕೊಲ್ಲಲು ಬಂದವನ ಬೆನ್ನಿಗೆ ಕಾಪಾಡಲು ಬಂದವನಿಂದಲೇ ಆ ಮಗು ಹುಟ್ಟುತ್ತದೆ. ಮುಂದಿನದನ್ನು ತಿಳಿದವನು ಅದನ್ನು ಬದಲಿಸಬಲ್ಲನೇ ಎಂಬ ಪ್ರಶ್ನೆಯನ್ನು ಭಾಗವತದ ಆಟ ನೋಡಿ ಬೆಳೆದ ಅಜ್ಜ ಒಂದೇ ಉಸಿರಿಗೆ ಹಿಡಿದಿದ್ದರು. ಸಿನಿಮಾ ಅವರ ಬಳಿಗೆ ವರ್ಷಗಟ್ಟಲೆ ತಡವಾಗಿ, ಗೆರೆ ಬಿದ್ದ ಕ್ಯಾಸೆಟ್ಟಿನಲ್ಲಿ, ಅರ್ಥವಾಗದ ಭಾಷೆಯಲ್ಲಿ ಬಂದಿತ್ತು. ಅವರ ಬುದ್ಧಿ ತಡವಾಗಿರಲಿಲ್ಲ.

ತಡವಾಗಿ ನೋಡುವವನು ಹಿಂದುಳಿದವನು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ವೈಜ್ಞಾನಿಕ ಕಥಾಚಿತ್ರಗಳ ವಿಷಯದಲ್ಲಿ ಈ ಭಾವನೆ ತಲೆಕೆಳಗು. ‘ಬ್ಲೇಡ್ ರನ್ನರ್’ 1982ರಲ್ಲಿ ತೆರೆಗೆ ಬಂದಾಗ ಅದರ ಕಥೆ ನಡೆಯುವ ಕಾಲ 2019ರ ನವೆಂಬರ್. ಮೊದಲ ದಿನ ನೋಡಿದವನಿಗೆ ಅದು ಬರೀ ಬೆರಗು. 2019 ಕಳೆದ ಮೇಲೆ ನೋಡುವವನ ಕೈಯಲ್ಲಿ ತೂಗಲು ತಕ್ಕಡಿಯೂ ಇರುತ್ತದೆ. ಹಾರುವ ಕಾರು ಬರಲಿಲ್ಲ. ಮನುಷ್ಯನಂತೆ ಮಾತಾಡುವ ಯಂತ್ರ ಬಂದಿದೆ. ದುಡಿಯಲೆಂದೇ ಹುಟ್ಟಿಸಲಾದ ಜೀವಕ್ಕೆ ಹಕ್ಕಿದೆಯೇ ಎಂಬ ಪ್ರಶ್ನೆ ಇನ್ನೂ ಹಾಗೇ ಉಳಿದಿದೆ. ನುಡಿದ ಭವಿಷ್ಯವನ್ನು ಒರೆಗೆ ಹಚ್ಚುವ ಅಧಿಕಾರ ತಡವಾಗಿ ಬಂದವನಿಗೇ ಸಿಗುವುದು.

ಹಾಗೆಂದು ಕಾಯುವಿಕೆಯನ್ನು ಹೊಗಳಲು ನಾನು ತಯಾರಿಲ್ಲ. ಕಾದರೆ ರುಚಿ ಹೆಚ್ಚು, ಆಗ ಸಿಗುತ್ತಿರಲಿಲ್ಲವಾದ್ದರಿಂದಲೇ ಬೆಲೆ ಇತ್ತು ಎಂದು ನನ್ನ ವಯಸ್ಸಿನವರು ಹೇಳುವುದನ್ನು ಕೇಳಿದ್ದೇನೆ. ಸಿಕ್ಕವರ ಮಾತು ಅದು. ‘ತಡ’ ಮತ್ತು ‘ಇಲ್ಲ’ ಎರಡನ್ನೂ ಕಾಯುವಿಕೆ ಎಂಬ ಒಂದೇ ಮಾತಿನ ಕೆಳಗೆ ತಂದು, ಕೊನೆಗೂ ಸಿಗದೆ ಹೋದವರ ಲೆಕ್ಕವನ್ನು ಅದು ಅಳಿಸಿಬಿಡುತ್ತದೆ.

ಕ್ಯಾಮರೂನರ ಇನ್ನೊಂದು ಚಿತ್ರ ‘ದಿ ಅಬಿಸ್’ 1989ರದು. 2000ದಲ್ಲಿ ಡಿವಿಡಿ ಬಂದ ಮೇಲೆ ಅದರ ಒಳ್ಳೆಯ ಬ್ಲೂ-ರೇ ತಟ್ಟೆಗಾಗಿ ಅಮೆರಿಕದ ಅಭಿಮಾನಿಗಳು 2024ರವರೆಗೆ ಕಾದರು. ಅವರ ಹಂಬಲವನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಒಮ್ಮೆ ನೋಡಿ ಮನಸೋತ ಚಿತ್ರವನ್ನು ಇನ್ನಷ್ಟು ಸ್ಪಷ್ಟವಾಗಿ ನೋಡಲು ಅವರು ಕಾದರು. ನಾವು ಕಾದದ್ದು ಒಂದು ವಾಕ್ಯ ಅರ್ಥವಾಗಲಿ ಎಂದು. 1960ರ ದಶಕದಲ್ಲಿ ಅ.ನ.ಕೃ. ಮೊದಲಾದವರ ಚಳವಳಿಯ ಬಲದಿಂದ ಕನ್ನಡಕ್ಕೆ ಡಬ್ಬಿಂಗ್ ನಿಂತಿತು. ಮದ್ರಾಸಿನ ಸ್ಟುಡಿಯೋಗಳ ನೆರಳಲ್ಲಿ ಕನ್ನಡದ ನಟರು, ತಂತ್ರಜ್ಞರು ಹೊಟ್ಟೆಪಾಡಿಗೆ ಪರದಾಡುತ್ತಿದ್ದ ಕಾಲ. ಆಗಿನ ಮಟ್ಟಿಗೆ ಆ ಹೋರಾಟ ನ್ಯಾಯವಾದದ್ದೆಂದೇ ನನ್ನ ನಂಬಿಕೆ. ಕಾನೂನಿನ ಬಲವಿಲ್ಲದ ಆ ಕಟ್ಟುಪಾಡು ಮಾತ್ರ ಕಾರಣಗಳು ಬದಲಾದ ಮೇಲೂ ಅರ್ಧ ಶತಮಾನ ಉಳಿಯಿತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದನ್ನು ತಪ್ಪೆಂದಿತು. 2017ರಿಂದ ಡಬ್ ಆದ ಚಿತ್ರಗಳು ಮತ್ತೆ ಬರತೊಡಗಿದವು. 2022ರ ಡಿಸೆಂಬರಿನಲ್ಲಿ ಕ್ಯಾಮರೂನರ ‘ಅವತಾರ್’ ಎರಡನೆಯ ಭಾಗ ಕನ್ನಡದಲ್ಲೇ ತೆರೆಕಂಡಿತು. ‘ಟರ್ಮಿನೇಟರ್’ನಿಂದ ಅಲ್ಲಿಗೆ 38 ವರ್ಷ. ಕಂಬಳಿ ಹೊದ್ದ ಅಜ್ಜನಿಗೆ ಅದು ತಡವಲ್ಲ, ಇಲ್ಲವೇ ಇಲ್ಲ.

ಡಬ್ಬಿಂಗ್ ನಿಲ್ಲಿಸಿದ್ದಕ್ಕೆ ಪ್ರತಿಯಾಗಿ ನಾವೇ ಅಂಥ ಚಿತ್ರಗಳನ್ನು ಮಾಡಬೇಕಿತ್ತು. ‘2001’ ಬಂದ 1968ರಲ್ಲೇ ನಮ್ಮಲ್ಲಿ ‘ಜೇಡರ ಬಲೆ’ ಬಂತು. ಲೋಹವನ್ನು ಚಿನ್ನ ಮಾಡುವ ಸೂತ್ರ ಕಂಡುಹಿಡಿದ ವಿಜ್ಞಾನಿ, ಅವನ ಹಿಂದೆ ಬಿದ್ದವರು, ಸಿ.ಐ.ಡಿ. 999 ಆಗಿ ರಾಜ್‌ಕುಮಾರ್. ಆ ಎಳೆಯನ್ನು ಮುಂದಕ್ಕೆ ಎಳೆದಿದ್ದರೆ ಕನ್ನಡಕ್ಕೆ ತನ್ನದೇ ಆದ ವೈಜ್ಞಾನಿಕ ಚಿತ್ರಗಳ ಪರಂಪರೆ ಹುಟ್ಟುತ್ತಿತ್ತೇನೋ. ವೈಜ್ಞಾನಿಕ ಕಥೆ, ಕಾದಂಬರಿಗಳನ್ನು ಬರೆದ ರಾಜಶೇಖರ ಭೂಸನೂರಮಠರು ಕಾಗದದ ಮೇಲೆ ಮಾಡಿದ ಕೆಲಸಕ್ಕೆ ತೆರೆಯ ಮೇಲೆ ಜೊತೆ ಸಿಗಲಿಲ್ಲ.

ಇಷ್ಟಕ್ಕೂ ಸಿನಿಮಾ ಮನೆಗೆ ಬರಬೇಕೆಂದು ಹಟ ಹಿಡಿಯುವುದೇಕೆ? ಒಮ್ಮೆ ನೋಡಿದ್ದು ನೆನಪು. ಬೇಕಾದಾಗ ಹಿಂದಕ್ಕೆ ತಿರುಗಿಸಿ, ನಿಲ್ಲಿಸಿ, ಇನ್ನೊಬ್ಬರಿಗೆ ತೋರಿಸಿ ಜಗಳವಾಡಬಲ್ಲದ್ದು ವಿಚಾರ. ಪುಸ್ತಕಕ್ಕೆ ಈ ಗುಣ ಮೊದಲಿನಿಂದ ಇತ್ತು, ಸಿನಿಮಾಕ್ಕೆ ಕ್ಯಾಸೆಟ್ಟು ತಂದುಕೊಟ್ಟಿತು. 2007ರಲ್ಲಿ ಮೋಸರ್ ಬೇಯರ್ ಕಂಪನಿ ಭಾರತೀಯ ಭಾಷೆಗಳ ಚಿತ್ರಗಳ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಇಳಿಸಿದಾಗ, ಸಿನಿಮಾ ತರಕಾರಿ ಚೀಲದೊಳಗೇ ಕೂತು ಮನೆಗೆ ಬರುವಂತಾಯಿತು. ನೋಡುವವರ ಮನೆಯಲ್ಲಿ ಪ್ರತಿ ಉಳಿಯುವುದು ಎಷ್ಟು ದೊಡ್ಡ ವಿಷಯ ಎಂದು ತಿಳಿಯಬೇಕಾದರೆ ‘ಮೆಟ್ರೊಪೊಲಿಸ್’ ಕಥೆ ಕೇಳಬೇಕು.

ಫ್ರಿಟ್ಜ್ ಲಾಂಗ್ ನಿರ್ದೇಶಿಸಿದ ಈ ಮೂಕಿ ಚಿತ್ರ 1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಮೊದಲ ಪ್ರದರ್ಶನ ಕಂಡಿತು. ಉದ್ದವಾಯಿತೆಂದು ವಿತರಕರು ಸುಮಾರು ಕಾಲು ಭಾಗ ಕತ್ತರಿಸಿ ಬಿಸಾಕಿದರು. ಆ ಭಾಗ ಹೋಯಿತೆಂದೇ ಎಂಬತ್ತು ವರ್ಷ ಎಲ್ಲರೂ ತಿಳಿದಿದ್ದರು. 2008ರಲ್ಲಿ ಅದು ಸಿಕ್ಕಿದ್ದು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಮ್ಮಿನಲ್ಲಿ. ಅಲ್ಲಿಯ ವಿತರಕರೊಬ್ಬರು ಹಿಂದೆ ಒಯ್ದಿದ್ದ ಪೂರ್ಣ ಪ್ರತಿಯಿಂದ ಮಾಡಿಕೊಂಡ 16 ಎಂ.ಎಂ. ನಕಲು, ತುಂಬ ಗೀಚಿಹೋದದ್ದು. ಅದನ್ನು ಸೇರಿಸಿ ಹೊಂದಿಸಿದ ಚಿತ್ರ 2010ರ ಫೆಬ್ರವರಿಯಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡು, ಅದೇ ವರ್ಷ ತಟ್ಟೆಯ ರೂಪದಲ್ಲಿ ಮನೆಗಳಿಗೆ ಬಂತು. ರಾಜಧಾನಿ ಕತ್ತರಿಸಿ ಎಸೆದದ್ದನ್ನು ಜಗತ್ತಿನ ಇನ್ನೊಂದು ಅಂಚು ಜೋಪಾನ ಮಾಡಿತ್ತು. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ (1934) ಹೀಗೆ ಯಾರ ಜೋಪಾನಕ್ಕೂ ಸಿಗದೆ ಇಲ್ಲವಾಯಿತು. ಕಾಸರವಳ್ಳಿಯವರ ‘ಘಟಶ್ರಾದ್ಧ’ದ ಪುಣ್ಯ ದೊಡ್ಡದು, ಹೊಸದಾಗಿ ಪುನಶ್ಚೇತನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು.

ಈಗ ಮೊಬೈಲಿನಲ್ಲಿ ಎಲ್ಲ ಸಿಗುತ್ತದಲ್ಲ, ಕಾಯುವ ಮಾತೆಲ್ಲಿ ಎನ್ನುತ್ತಾರೆ. ಸಿಗುವುದು ಅವರು ಇಟ್ಟಷ್ಟು ದಿನ. ಒಪ್ಪಂದ ಮುಗಿದ ಚಿತ್ರ ರಾತ್ರೋರಾತ್ರಿ ಪಟ್ಟಿಯಿಂದ ಇಳಿದುಹೋಗುತ್ತದೆ. ದುಡ್ಡು ಕಟ್ಟಿದವನ ಕೈಯಲ್ಲಿ ಪ್ರತಿ ಎಂಬುದೇ ಉಳಿಯುವುದಿಲ್ಲ. ಮೊದಲು ಏನಕ್ಕಾಗಿ ಕಾಯುತ್ತಿದ್ದೇವೆಂದು ನಮಗೆ ಗೊತ್ತಿತ್ತು. ಈಗ ಪರದೆ ತುಂಬ ಹೊಸದು ತುಂಬಿರುವುದರಿಂದ ಹಳೆಯದು ಇಲ್ಲ ಎಂಬುದೇ ಕಣ್ಣಿಗೆ ಬೀಳುವುದಿಲ್ಲ. ಹೊನ್ನಾಳಿಯ ಹುಡುಗಿಯೊಬ್ಬಳು ‘ಕಲ್ಕಿ 2898 ಎಡಿ’ಯನ್ನು ಕನ್ನಡದಲ್ಲಿ ನೋಡಬಲ್ಲಳು. ಅದರಲ್ಲಿರುವಂಥ ಮೇಲೂರು ಕೆಳಗೇರಿಯ ಕಲ್ಪನೆ ‘ಮೆಟ್ರೊಪೊಲಿಸ್’ನಲ್ಲಿ 1927ರಲ್ಲೇ ತೆರೆಗೆ ಬಂದಿತ್ತೆಂದು ಅವಳಿಗೆ ತೋರಿಸುವವರಾರು?

ತೋರಿಸುವುದು ಕಷ್ಟವೂ ಅಲ್ಲ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕುಸ್ವಾಮ್ಯದ ಅವಧಿ, ಬಿಡುಗಡೆಯ ಮರುವರ್ಷದಿಂದ 60 ವರ್ಷ. 1902ರ ‘ಎ ಟ್ರಿಪ್ ಟು ದ ಮೂನ್’, 1927ರ ‘ಮೆಟ್ರೊಪೊಲಿಸ್’ ಎರಡೂ ಆ ಗಡಿ ಎಂದೋ ದಾಟಿವೆ. ಮೂಕಿ ಚಿತ್ರಕ್ಕೆ ಡಬ್ಬಿಂಗಿನ ಜಗಳವೇ ಇಲ್ಲ. ನಡುನಡುವೆ ಬರುವ ಬರಹದ ಹಲಗೆಗಳನ್ನು ಕನ್ನಡದಲ್ಲಿ ಬರೆದರೆ ಸಾಕು. ಕರ್ನಾಟಕ ಚಲನಚಿತ್ರ ಅಕಾಡೆಮಿ ಬೆಂಗಳೂರಿನ ಚಿತ್ರೋತ್ಸವಕ್ಕೆ ಪಡುವ ಶ್ರಮದಲ್ಲಿ ಒಂದು ಪಾಲನ್ನು ಇದಕ್ಕೆ ಇಡಲಿ. ಪ್ರತಿಗಳನ್ನು ತಾಲ್ಲೂಕು ಗ್ರಂಥಾಲಯಗಳಿಗೆ ಕೊಡಲಿ, ಯಾರು ಬೇಕಾದರೂ ಒಯ್ದು ನೋಡಿ ಇಟ್ಟುಕೊಳ್ಳುವಂತೆ.

ಮೊದಲ ಪ್ರತಿ ಜಗಳೂರಿಗೆ ಹೋಗಲಿ ಎನ್ನಲು ಕಾರಣವಿದೆ. ‘ಮೆಟ್ರೊಪೊಲಿಸ್’ನಲ್ಲಿ ಕೆಲಸಗಾರರು ನೆಲದ ಕೆಳಗಿನ ಊರಲ್ಲಿ ಬದುಕುತ್ತಾರೆ, ಮೇಲಿನವರು ತೋಟಗಳಲ್ಲಿ. ಸಿಟ್ಟಿಗೆದ್ದ ಕೆಲಸಗಾರರು ನಗರದ ಹೃದಯವಾಗಿದ್ದ ಯಂತ್ರವನ್ನು ಒಡೆದಾಗ ನೀರು ನುಗ್ಗುವುದು ಅವರದೇ ಮನೆಗಳಿಗೆ, ಸಿಕ್ಕಿಬೀಳುವುದು ಅವರದೇ ಮಕ್ಕಳು. ಬರ್ಲಿನ್ನಿನವರು ಅದನ್ನು ದೊಡ್ಡ ದೃಶ್ಯವಾಗಿ ನೋಡಿದರು. ಜಗಳೂರಿನವರು ತುಂಗಭದ್ರೆಯಿಂದ ಪಂಪಿನಲ್ಲಿ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗೆ ವರ್ಷಗಟ್ಟಲೆ ಹೋರಾಡಿದವರು. ಭದ್ರಾ ಮೇಲ್ದಂಡೆ ಯೋಜನೆಯ ದಾರಿ ಕಾದವರು. ಯಂತ್ರ ಯಾರದು, ಅದರ ಗುಂಡಿ ಯಾರ ಕೈಯಲ್ಲಿದೆ, ಅದು ನಿಂತರೆ ಯಾರ ಮನೆ ಕೆಡುತ್ತದೆ ಎಂಬುದು ಅವರಿಗೆ ದಿನದ ಮಾತು. ಚಿತ್ರದ ಕೊನೆಗೆ ಒಡೆಯನೂ ಕೆಲಸಗಾರನೂ ಕೈಕುಲುಕುತ್ತಾರೆ, ನಡುವೆ ಹೃದಯ ಮಧ್ಯಸ್ಥಿಕೆ ವಹಿಸುತ್ತದೆ. ಲಾಂಗ್ ಅವರಿಗೇ ಮುಂದೆ ಈ ಮುಕ್ತಾಯ ಸರಿಬೀಳಲಿಲ್ಲ. ಜಗಳೂರಿನ ಗ್ರಂಥಾಲಯದಲ್ಲಿ ಕೂತು ನೋಡಿದವರು ಇದನ್ನು ಒಪ್ಪುತ್ತಾರೋ, ನೀರಿನ ಲೆಕ್ಕ ಮೊದಲು ಕೊಡಿ ಎಂದು ತಕರಾರು ತೆಗೆಯುತ್ತಾರೋ, ನನಗೆ ಕೇಳಬೇಕಾಗಿದೆ.