ಬಲ್ಲವರ ಮೌನ

ಪತ್ತೇದಾರಿ ಕಾದಂಬರಿಗಳನ್ನು ಓದುವುದು ಕನ್ನಡದ ಅಧ್ಯಾಪಕನಿಗೆ ಒಪ್ಪುವ ಹವ್ಯಾಸವಲ್ಲವೆಂಬ ನಂಬಿಕೆ ನಮ್ಮಲ್ಲಿದೆ. ಓದಲೇಬೇಕಾದರೆ 'ಗದಾಯುದ್ಧ'ದ ಮರೆಯಲ್ಲಿಟ್ಟುಕೊಂಡು ಓದಬೇಕು. ಆದರೆ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟ ಎನ್. ನರಸಿಂಹಯ್ಯನವರು ಪತ್ತೇದಾರ ಪುರುಷೋತ್ತಮನನ್ನು ಸೃಷ್ಟಿಸಿ, 500ಕ್ಕೂ ಮಿಕ್ಕ ಕಾದಂಬರಿಗಳನ್ನು ಬರೆದು, ಎಷ್ಟೋ ಕನ್ನಡಿಗರಿಗೆ ಓದಿನ ರುಚಿ ಹತ್ತಿಸಿದರು. ನಮ್ಮ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಇಂಥ ಹಿರಿಯರ ಬೆಂಬಲವಿರುವಾಗ ಸಂಕೋಚವೇಕೆ? ಈಚೆಗೆ ನಾನು ಓದಿದ ಇಂಗ್ಲಿಷಿನ ಒಂದು ಬಗೆಯ ಪತ್ತೇದಾರಿ ಕಥೆಗಳು ನನ್ನಲ್ಲಿ ಒಂದು ಜಿಜ್ಞಾಸೆಯನ್ನು ಹುಟ್ಟಿಸಿವೆ. ಅದನ್ನು ವಾಚಕರ ಮುಂದಿಡುತ್ತೇನೆ.

ಈ ಕಥೆಗಳಲ್ಲಿ ಪತ್ತೇದಾರಿಕೆ ನಡೆಸುವವನು ಪೊಲೀಸಿನವನಲ್ಲ; ಸಣ್ಣ ಊರಿನಲ್ಲಿ ಬೇಕರಿ ಇಟ್ಟುಕೊಂಡ ಹೆಂಗಸು. ಅಮೆರಿಕದ ಜೋಆನ್ ಫ್ಲೂಕ್ 2000ದಲ್ಲಿ ಆರಂಭಿಸಿದ ಕಾದಂಬರಿಮಾಲೆಯ ಹ್ಯಾನಾ ಸ್ವೆನ್ಸನ್ ಅಂಥವಳು. ಮೊದಲ ಕಥೆಯಲ್ಲಿ ಹಾಲು ತಂದುಕೊಡುವವನು ಅವಳ ಅಂಗಡಿಯ ಹಿಂದೆಯೇ ಕೊಲೆಯಾಗಿ ಬಿದ್ದಿರುತ್ತಾನೆ. ಅವಳು ಬಿಸ್ಕತ್ತು ಬೇಯಿಸುತ್ತ, ಗಿರಾಕಿಗಳನ್ನು ಮಾತನಾಡಿಸುತ್ತ ಕೊಲೆಗಾರನನ್ನು ಹಿಡಿದುಕೊಡುತ್ತಾಳೆ. ನಡುನಡುವೆ ಬಿಸ್ಕತ್ತು ಮಾಡುವ ವಿಧಾನವೂ ಉಂಟು! ಅಗಾಥಾ ಕ್ರಿಸ್ಟಿ 1930ರ ಕಾದಂಬರಿಯಲ್ಲಿ ತಂದ ಮಿಸ್ ಮಾರ್ಪಲ್ ಎಂಬ ಮುದುಕಿ ಇವಳಿಗೆ ಅಜ್ಜಿಯಾಗಬೇಕು. ರಕ್ತ ಹೆಚ್ಚು ಚೆಲ್ಲುವುದಿಲ್ಲ, ಊರು ಚೆಂದ, ಕೊನೆಗೆ ನೆಮ್ಮದಿ. ಮಲಗುವ ಮುನ್ನ ಓದಲು ಇದಕ್ಕಿಂತ ಹಿತವಾದದ್ದಿಲ್ಲ.

ಇಂಗ್ಲಿಷ್ ಕವಿ ಆಡನ್ 1948ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಈ ನೆಮ್ಮದಿಯ ಮೂಲವನ್ನು ಹುಡುಕಿದ್ದಾನೆ. ನಿರ್ದೋಷಿಗಳ ಊರಿಗೆ ಒಂದು ಕೊಲೆ ಕಳಂಕ ಹಚ್ಚುತ್ತದೆ. ಎಲ್ಲರ ಮೇಲೂ ಸಂಶಯ ಬೀಳುತ್ತದೆ. ಪತ್ತೇದಾರ ಅಪರಾಧಿಯನ್ನು ಬೇರ್ಪಡಿಸಿದೊಡನೆ ಉಳಿದವರೆಲ್ಲ ಮತ್ತೆ ನಿರ್ದೋಷಿಗಳಾಗುತ್ತಾರೆ. ಅವನ ವಿಚಾರದ ಸಾರ ಇದು. ಪಾಪವೆಲ್ಲ ಒಬ್ಬನ ತಲೆಗೆ, ಪುಣ್ಯವೆಲ್ಲ ಊರಿಗೆ. ನನ್ನ ಜಿಜ್ಞಾಸೆ ಇಲ್ಲಿಂದಲೇ ಹೊರಡುತ್ತದೆ.

ಆ ಬೇಕರಿಯವಳನ್ನು ನಮ್ಮ ಶಿಡ್ಲಘಟ್ಟಕ್ಕೆ ಕರೆತಂದರೆ ಏನಾದೀತು? ಬೇಕರಿಗೆ ಇಲ್ಲಿ ಕೊರತೆಯಿಲ್ಲ. 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ತಿರುಮಲಾಚಾರ್ ಅವರು ಹಚ್ಚಿದ ಒಲೆಯ ಕಾವು ಹಾಸನದ ಕಡೆಯ ಅಯ್ಯಂಗಾರರ ಮೂಲಕ ನಾಡಿನ ಸಣ್ಣ ಊರುಗಳಿಗೂ ಹಬ್ಬಿದೆ. ಖಾರಾ ಬನ್ನು, ದಿಲ್‌ಪಸಂದು, ಬೆಣ್ಣೆ ಬಿಸ್ಕತ್ತುಗಳನ್ನು ಅರಿಯದ ಪೇಟೆಬೀದಿ ಇಂದು ವಿರಳ. ರೇಷ್ಮೆಗೂಡಿನ ಮಾರುಕಟ್ಟೆಗೆ ಬಂದ ರೈತ ಗೂಡಿಗೆ ಒಳ್ಳೆಯ ಬೆಲೆ ಸಿಕ್ಕ ದಿನ ಮಕ್ಕಳಿಗೆಂದು ಕೇಕು ಕಟ್ಟಿಸಿಕೊಳ್ಳುತ್ತಾನೆ; ಬೆಲೆ ಬಿದ್ದ ದಿನ ಒಂದು ಬನ್ನು, ಅರ್ಧ ಚಹಾ. ಯಾರ ಮನೆಯ ಸಾಲ ಬೆಳೆಯುತ್ತಿದೆ, ಯಾರು ಮಗನ ಹುಟ್ಟುಹಬ್ಬಕ್ಕೆ ಈ ವರ್ಷ ಕೇಕು ಒಯ್ಯಲಿಲ್ಲ, ಯಾರು ಪಥ್ಯ ಮುರಿದು ಮರೆಯಲ್ಲಿ ಸಿಹಿ ತಿನ್ನುತ್ತಾರೆ ಎಲ್ಲವೂ ಬೇಕರಿಯವನಿಗೆ ಗೊತ್ತು. ತಿಳಿವಳಿಕೆಯಲ್ಲಿ ಅವನು ಹ್ಯಾನಾಳಿಗೆ ಏನೂ ಕಡಮೆಯಲ್ಲ.

ಆದರೆ ಆ ತಿಳಿವಳಿಕೆ ಅವನ ಸ್ವಂತ ಆಸ್ತಿಯೆ? ನನ್ನ ಮಟ್ಟಿಗೆ ಅದು ಗಿರಾಕಿಗಳು ಅರಿಯದೆಯೇ ಅವನಲ್ಲಿಟ್ಟ ಒತ್ತೆ. ಮೂಲೆಯ ಬೆಂಚಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಕುಳಿತು ಒಂದೇ ಪಫ್ಸನ್ನು ಹಂಚಿಕೊಂಡು ತಿಂದರೆನ್ನಿ. ನಮ್ಮ ಊರುಗಳಲ್ಲಿ ಪತ್ತೇದಾರರು ಹುಟ್ಟಿಕೊಳ್ಳುವುದು ಆಗಲೇ. "ನಿಮ್ಮ ಮಗಳನ್ನು ನೋಡಿದೆ ಸ್ವಾಮಿ, ನಮ್ಮ ಅಂಗಡಿಯಲ್ಲಿ" ಎಂಬ ಒಂದು ಮಾತು ತಂದೆಯ ಕಿವಿಗೆ ಬಿದ್ದರೆ ಆ ಹುಡುಗಿಯ ಓದು ಅಲ್ಲಿಗೇ ನಿಂತೀತು, ಆತುರದ ಮದುವೆ ನಡೆದೀತು, ಅದಕ್ಕಿಂತ ಘೋರವಾದದ್ದೂ ಆದೀತು. ಹೇಳಿದವನು ಮಾತ್ರ ತಾನು ಸತ್ಯವನ್ನೇ ನುಡಿದೆನೆಂದು ಎದೆ ತಟ್ಟಿಕೊಳ್ಳುತ್ತಾನೆ. ಇಲ್ಲಿ ಬಾಯಿ ಮುಚ್ಚಿಕೊಂಡು ಚಿಲ್ಲರೆ ಎಣಿಸಿ ಕೊಡುವ ಬೇಕರಿಯವನೇ ಧರ್ಮಿಷ್ಠ.

ಹಾಗಾದರೆ ಮೌನವೇ ಧರ್ಮವೆ? ಅಷ್ಟು ಸುಲಭವಾಗಿ ಪಾರಾಗುವಂತಿಲ್ಲ. ಮಹಾಭಾರತದ ದ್ಯೂತಸಭೆಯನ್ನು ನೆನೆಯಿರಿ. ಅಲ್ಲಿ ಪತ್ತೇದಾರನಿಗೆ ಕೆಲಸವೇ ಇಲ್ಲ. ಅಪರಾಧ ನಡೆದದ್ದು ಹಾಡಹಗಲಿನಲ್ಲಿ, ತುಂಬಿದ ಸಭೆಯಲ್ಲಿ; ಮಾಡಿದವರು ಯಾರೆಂಬುದು ಎಲ್ಲರಿಗೂ ಗೊತ್ತು. ಭೀಷ್ಮರು ಧರ್ಮ ಸೂಕ್ಷ್ಮವೆಂದರು, ದ್ರೋಣರು ಸುಮ್ಮನಿದ್ದರು. ವಿದುರನನ್ನು ಬಿಟ್ಟರೆ ಎದ್ದು ನಿಂತು ಅನ್ಯಾಯವನ್ನು ಅನ್ಯಾಯವೆಂದವನು ದುರ್ಯೋಧನನ ತಮ್ಮನೇ ಆದ ವಿಕರ್ಣ. ಅಲ್ಲಿ ಬೇಕಾಗಿದ್ದದ್ದು ಬುದ್ಧಿಯ ಚುರುಕಲ್ಲ, ಎದೆಯ ಗಟ್ಟಿತನ.

ಸಣ್ಣ ಊರಿನ ದೊಡ್ಡ ಪಾಪಗಳು ಬಹುಮಟ್ಟಿಗೆ ದ್ಯೂತಸಭೆಯ ಜಾತಿಯವು. ರೇಷ್ಮೆಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಜೀತಪದ್ಧತಿಯನ್ನು ರದ್ದುಮಾಡಿದ ಕಾನೂನು 1976ರಲ್ಲಿ ಬಂತು; ಬಾಲಕಾರ್ಮಿಕರ ಕಾನೂನು 1986ರಲ್ಲಿ. ಆದರೂ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿ, ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ಯಮದಲ್ಲಿ ಮಕ್ಕಳು ಹೆತ್ತವರ ಮುಂಗಡ ಸಾಲಕ್ಕೆ ಒತ್ತೆಯಾಗಿ ದಿನಕ್ಕೆ 12 ಗಂಟೆಗೂ ಮಿಕ್ಕಿ ದುಡಿಯುತ್ತಿದ್ದುದನ್ನು ದಾಖಲಿಸಿತು. ನೂಲು ಬಿಚ್ಚುವ ಕಡೆ ಎಳೆಯ ಕೈಗಳು ಕುದಿನೀರಿಗೆ ಇಳಿಯುತ್ತಿದ್ದವು. ಇದು ಮುಚ್ಚಿದ ಬಾಗಿಲ ಹಿಂದಿನ ರಹಸ್ಯವೆ? ಬೊಬ್ಬೆ ಎದ್ದ ಕೈಯನ್ನು ಚಾಚಿ ಬನ್ನು ಕೊಂಡ ಮಗುವನ್ನು ಅಂಗಡಿಯವನು ಕಂಡಿರಲಾರನೆ? ಹಾಜರಿ ಪುಸ್ತಕದಲ್ಲಿ ಖಾಲಿ ಬಿದ್ದ ಹೆಸರನ್ನು ನನ್ನಂಥ ಮೇಷ್ಟರು ಕಂಡಿರಲಾರರೆ? "ಊರ ಉಸಾಬರಿ ನಮಗೇಕೆ" ಎಂಬ ಒಂದು ಮಾತಿನಲ್ಲಿ ಎಲ್ಲರ ಕಣ್ಣೂ ಮುಚ್ಚಿಕೊಳ್ಳುತ್ತದೆ.

ಮಾತನಾಡಿದವನಿಗೆ ನಷ್ಟವುಂಟೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹ್ಯಾನಾಳ ಅಂಗಡಿಗೆ ಪ್ರತಿ ಕೊಲೆಯಾದ ಮೇಲೂ ಗಿರಾಕಿಗಳು ಬರುತ್ತಲೇ ಇರುತ್ತಾರೆ. ನಮ್ಮ ಬೇಕರಿಯವನು ಯಜಮಾನರ ಮೇಲೆ ದೂರು ಕೊಟ್ಟರೆ ಮರುದಿನ ಬ್ರೆಡ್ಡು ಮಾರಾಟವಾಗದೆ ಉಳಿದೀತು. ಬಾಡಿಗೆ ಮಳಿಗೆ ಕೈಬಿಟ್ಟೀತು. ಅದಕ್ಕಾಗಿ ಅವನೊಬ್ಬನೇ ವೀರನಾಗಲಿ ಎಂದು ಸಂಬಳದ ಭದ್ರತೆಯುಳ್ಳ ನಾವು ಬಯಸುವುದು ಅನ್ಯಾಯ. ಅಂಗಡಿಯವನಿಗಿಂತ ಕಡಮೆ ಕಳೆದುಕೊಳ್ಳುವವರು ಅವನಿಗಿಂತ ಮೊದಲು ಮಾತನಾಡಬೇಕು.

ಯಾವಾಗ ನುಡಿಯಬೇಕು, ಯಾವಾಗ ಸುಮ್ಮನಿರಬೇಕು ಎಂಬುದಕ್ಕೆ ಶಾಸ್ತ್ರವನ್ನು ಹುಡುಕಬೇಕಾಗಿಲ್ಲ. ನನ್ನ ಮೌನ ಯಾರನ್ನು ಕಾಯುತ್ತಿದೆ ಎಂದು ಕೇಳಿಕೊಂಡರೆ ಸಾಕು. ಬೆಂಚಿನ ಮೇಲಿನ ಹುಡುಗಿಯನ್ನು ಕಾಯುತ್ತಿದ್ದರೆ ಅದು ಒಳ್ಳೆಯದು. ಕುದಿನೀರಿನ ಒಡೆಯನನ್ನು ಕಾಯುತ್ತಿದ್ದರೆ ಆ ಪಾಪದಲ್ಲಿ ನನಗೂ ಪಾಲುಂಟು. ನಮ್ಮ ದುರ್ದೈವವೆಂದರೆ ನಾವು ಇದನ್ನು ತಿರುಗುಮುರುಗು ಮಾಡಿಕೊಂಡಿದ್ದೇವೆ: ಹುಡುಗಿಯ ವಿಷಯದಲ್ಲಿ ಬಾಯಿಬಡುಕರು, ಒಡೆಯನ ವಿಷಯದಲ್ಲಿ ಮೂಕರು.

ವಿಕರ್ಣನ ಮಾತಿನಿಂದ ಅಂದು ದ್ರೌಪದಿಗೆ ಬಿಡುಗಡೆಯಾಗಲಿಲ್ಲ. ಕರ್ಣ ಅವನನ್ನು ಹುಡುಗನೆಂದು ಗದರಿಸಿ ಕೂರಿಸಿದ. ಯುದ್ಧದಲ್ಲಿ ಅವನು ಅಣ್ಣನ ಪಕ್ಷದಲ್ಲಿಯೇ ಕಾದಿ ಭೀಮನ ಕೈಯಲ್ಲಿ ಸತ್ತ; ಕೊಂದ ಭೀಮನೇ ಅವನಿಗಾಗಿ ಮರುಗಿದ. ನೂರು ಮಂದಿ ಕೌರವರಲ್ಲಿ ಆ ಮರುಕಕ್ಕೆ ಪಾತ್ರನಾದವನು ಸಭೆಯಲ್ಲಿ ಎದ್ದು ನಿಂತಿದ್ದ ಅವನೇ.