ಕ್ಷೇಮವೋ? ಮಮಕಾರವೋ?



ಉತ್ಸವ, ಆರಾಧನೆ, ಪ್ರವಚನಗಳ ವಿಚಾರವನ್ನು ಹೊತ್ತು ಬರುವ ಈ ಪತ್ರಿಕೆಯಲ್ಲಿ ಮೊಬೈಲ್ ಫೋನಿನ ಗಾಜಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಪ್ರಶ್ನೆ ಅಲ್ಪವೇ ಸರಿ. ಆದರೆ ಅದು ಮುಟ್ಟುವ ತತ್ತ್ವ ಅಲ್ಪವಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳಲ್ಲಿ ಇಂದು ತಿಥಿ ನೋಡುವುದು, ದೂರದ ಊರಿನ ಪ್ರವಚನ ಕೇಳುವುದು, ಭತ್ತದ ಧಾರಣೆ ತಿಳಿಯುವುದು, ಅಂಗಡಿಗೆ ಹಣ ಸಲ್ಲಿಸುವುದು ಇವೆಲ್ಲವೂ ಅಂಗೈಯಗಲದ ಒಂದು ಯಂತ್ರದಿಂದ ನಡೆಯುತ್ತಿವೆ. ಅದಕ್ಕಾಗಿ ಇಪ್ಪತ್ತು ಸಾವಿರ, ಐವತ್ತು ಸಾವಿರ, ಒಮ್ಮೊಮ್ಮೆ ಲಕ್ಷವನ್ನೂ ಮೀರಿ ವೆಚ್ಚ ಮಾಡುವವರಿದ್ದಾರೆ. ಕಂತಿನ ಮೇಲೆ ಕೊಳ್ಳುವವರೂ ಇದ್ದಾರೆ. ಕೊಂಡ ಕೂಡಲೇ ಅಂಗಡಿಯವರು ಕೇಳುವ ಮಾತು ಒಂದೇ: ‘ಮೇಲೆ ಟೆಂಪರ್ಡ್ ಗ್ಲಾಸ್ ಹಾಕಲೇನು?’ ಹಾಕಿಸಬೇಕೋ ಬೇಡವೋ ಎಂಬಲ್ಲಿ ಮನೆಮನೆಯಲ್ಲಿ ಅಭಿಪ್ರಾಯಭೇದವುಂಟು.

ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಫಲ ಎಂಬ ಕ್ರಮದಿಂದ ವಿಚಾರ ಮಾಡುವುದು ನಮ್ಮ ಶಾಸ್ತ್ರಗಳ ಪದ್ಧತಿ. ಆ ಕ್ರಮವನ್ನೇ ಇಲ್ಲಿಯೂ ಅನುಸರಿಸೋಣ.

ಮೊದಲು ವಿಷಯದ ಸ್ವರೂಪ. ಬೆಲೆಬಾಳುವ ಫೋನಿನ ಮೇಲಿರುವ ಗಾಜು ಸಾಮಾನ್ಯ ಗಾಜಲ್ಲ. ಸೋಡಿಯಂ ಅಂಶವಿರುವ ಗಾಜನ್ನು ಕಾಯಿಸಿ ಕರಗಿಸಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದಿಡುತ್ತಾರೆ. ಆಗ ಗಾಜಿನ ಮೈಯಿಂದ ಚಿಕ್ಕ ಸೋಡಿಯಂ ಕಣಗಳು ಹೊರಬಂದು, ಆ ಸ್ಥಾನದಲ್ಲಿ ದೊಡ್ಡ ಪೊಟ್ಯಾಸಿಯಂ ಕಣಗಳು ಒತ್ತಿ ಕುಳಿತುಕೊಳ್ಳುತ್ತವೆ. ಈ ಒತ್ತಡದಿಂದಲೇ ಗಾಜಿಗೆ ಬಲ ಬರುತ್ತದೆ. ಹೀಗೆ ತಯಾರಕರೇ ಅದಕ್ಕೊಂದು ಸಹಜಕವಚವನ್ನು ಕೊಟ್ಟಿದ್ದಾರೆ. ಆದರೆ ಬಲ ಬೇರೆ, ಕಾಠಿಣ್ಯ ಬೇರೆ. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು ಏರ್ಪಡಿಸಿದ ಹತ್ತು ಮೆಟ್ಟಿಲುಗಳ ಅಳತೆಯಲ್ಲಿ ಫೋನಿನ ಗಾಜು ಸುಮಾರು ಆರನೆಯ ಮೆಟ್ಟಿಲಿನಲ್ಲಿದೆ. ಕಿಸೆಯಲ್ಲಿರುವ ನಾಣ್ಯವೂ ಬೀಗದ ಕೈಯೂ ಅದಕ್ಕಿಂತ ಮೃದು. ಅವುಗಳಿಂದ ಗೀರು ಬೀಳುವ ಭಯ ಕಡಿಮೆ. ಬೆಣಚುಕಲ್ಲು ಏಳನೆಯ ಮೆಟ್ಟಿಲಿನದು. ನಮ್ಮ ಸೀಮೆಯೋ ಬೆಣಚಿನ ಸೀಮೆ! ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ದೊರೆಯುವುದೂ ಬೆಣಚಿನ ಪದರಗಳಲ್ಲಿಯೇ. ಬೇಸಿಗೆಯ ಗಾಳಿಗೆ ಎದ್ದ ಮರಳಿನ ಒಂದು ಕಣ ಕಿಸೆಯೊಳಗೆ ಸೇರಿದರೆ ಸಾಕು, ಗಾಜಿನ ಮೇಲೆ ಗೆರೆ ಮೂಡುತ್ತದೆ.

ಮೇಲೆ ಅಂಟಿಸುವ ಗಾಜಾದರೋ ಒಂದು ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟು ದಪ್ಪದ್ದು. ಪೊಟ್ಟಣದ ಮೇಲೆ ‘9 ಎಚ್’ ಎಂದು ಮುದ್ರಿಸಿರುತ್ತಾರೆ. ಇದನ್ನು ಮೋಸ್ ಅಳತೆಯ ಒಂಬತ್ತೆಂದು ಭ್ರಮಿಸುವವರುಂಟು. ಅದು ಪೆನ್ಸಿಲ್ಲಿನಿಂದ ಗೀರಿ ನೋಡುವ ಬೇರೆಯೇ ಪರೀಕ್ಷೆಯ ಗುರುತು. ಆದ್ದರಿಂದ ಈ ಗಾಜಿನ ಮೇಲೆಯೂ ಮರಳು ಗೀರುತ್ತದೆ. ಆದರೆ ಗೀರುವುದು ಇದನ್ನು, ಒಳಗಿನದನ್ನಲ್ಲ. ಬಿದ್ದಾಗ ಕೆಲವೊಮ್ಮೆ ಇದು ತಾನು ಒಡೆದು ಒಳಗಿನದನ್ನು ಉಳಿಸುತ್ತದೆ. ಮೂಲೆಗೆ ಬಿದ್ದ ಪೆಟ್ಟನ್ನು ತಡೆಯುವುದು ಮಾತ್ರ ಇದಕ್ಕಿಂತ ಅಂಚು ಎತ್ತರವಾಗಿರುವ ಕವರಿನ ಕೆಲಸ. ಇಷ್ಟು ವಿಷಯ.

ಇನ್ನು ಸಂಶಯ. ಹೀಗೆ ವಸ್ತುವಿಗೆ ಹೊದಿಕೆ ಹಾಕಿ ಕಾಪಾಡುವುದು ಕರ್ತವ್ಯವೋ, ಅಥವಾ ಮಮಕಾರದ ಇನ್ನೊಂದು ಹೆಸರೋ?

ಬೇಡವೆನ್ನುವವರ ಪಕ್ಷ ಹೀಗಿದೆ. ಕರ್ಣನು ಹುಟ್ಟುಕವಚದೊಡನೆ ಬಂದವನು. ಅವನ ಮೈಮೇಲೆ ಇನ್ನೊಂದು ಕವಚವೇಕೆ? ಕವಚಕ್ಕೊಂದು ಕವಚ, ಆ ಕವಚಕ್ಕೆ ಇನ್ನೊಂದು ಎಂದು ಹೊರಟರೆ ಅನವಸ್ಥಾದೋಷ ಬರುತ್ತದೆ. ಸ್ಪಷ್ಟತೆಗೂ ನುಣುಪಿಗೂ ಅಷ್ಟು ಹಣ ಕೊಟ್ಟು, ಅನಂತರ ನೂರಿನ್ನೂರು ರೂಪಾಯಿಯ ಗಾಜಿನ ಹಿಂದೆ ಅವನ್ನು ಮುಚ್ಚಿಡುವುದು ಲೋಭಿಯ ಲಕ್ಷಣ. ಎಲ್ಲಕ್ಕೂ ಮಿಗಿಲಾಗಿ, ಭಕ್ತರ ಯೋಗಕ್ಷೇಮದ ಹೊರೆಯನ್ನು ಭಗವಂತನೇ ಹೊರುವನೆಂಬ ಭರವಸೆ ಗೀತೆಯಲ್ಲಿದೆ. ಅದೇ ಗೀತೆಯ ಎರಡನೆಯ ಅಧ್ಯಾಯದಲ್ಲಿ ಯೋಗಕ್ಷೇಮದ ಹಂಬಲವನ್ನು ಬಿಡಬೇಕೆಂದು ಅರ್ಜುನನಿಗೆ ಉಪದೇಶವೂ ಇದೆ. ಹೀಗಿರಲು ಒಂದು ಗಾಜಿನ ಚಿಂತೆ ವೈಷ್ಣವನಿಗೆ ತಕ್ಕುದೇ?

ಬೇಕೆನ್ನುವವರ ಪಕ್ಷ ಇದು. ದುಡಿದ ಹಣವನ್ನು ಅಜಾಗ್ರತೆಯಿಂದ ಕಳೆಯುವುದು ವೈರಾಗ್ಯವಲ್ಲ, ಪ್ರಮಾದ. ಒಡೆದ ಗಾಜನ್ನು ಬದಲಿಸಲು ಹಲವು ಸಾವಿರ ಬೇಕು. ಕಂತು ತೀರುವ ಮೊದಲೇ ಒಡೆದರೆ ಆ ಹೊರೆ ಬೀಳುವುದು ಮನೆಯ ಅಕ್ಕಿಬೇಳೆಯ ಮೇಲೆ, ಮಕ್ಕಳ ಶುಲ್ಕದ ಮೇಲೆ. ಆದುದರಿಂದ ಎಷ್ಟು ಕಾಪಾಡಿದರೂ ಹೆಚ್ಚಲ್ಲ ಎಂಬುದು ಇವರ ವಾದ.

ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ, ಎರಡರಲ್ಲಿಯೂ ಲೋಪವಿದೆ. ಮೊದಲನೆಯ ಪಕ್ಷದ ಲೋಪವನ್ನು ನೋಡೋಣ. ಇಲ್ಲದ್ದನ್ನು ಪಡೆಯುವುದು ‘ಯೋಗ’, ಪಡೆದದ್ದನ್ನು ಕಾಯುವುದು ‘ಕ್ಷೇಮ’. ಇವೆರಡರ ಭಾರ ಭಗವಂತನದೆಂಬುದು ನಿಶ್ಚಯವಾದರೂ, ಅಷ್ಟರಿಂದ ಜೀವನು ಕೈಕಟ್ಟಿ ಕೂರಬೇಕೆಂಬ ಅರ್ಥ ಬರುವುದಿಲ್ಲ. ಜೀವನಿಗೆ ಕರ್ತೃತ್ವವೇ ಇಲ್ಲವೆಂದರೆ ಇದನ್ನು ಮಾಡು, ಅದನ್ನು ಬಿಡು ಎನ್ನುವ ವಿಧಿನಿಷೇಧಗಳೆಲ್ಲ ವ್ಯರ್ಥವಾಗುತ್ತವೆ. ಆ ಕರ್ತೃತ್ವ ಶ್ರೀಹರಿಯ ಅಧೀನವೆಂಬುದಷ್ಟೇ ಶ್ರೀಮದಾಚಾರ್ಯರ ಸಿದ್ಧಾಂತ. ಯೋಗಕ್ಷೇಮದ ಹಂಬಲವನ್ನು ಬಿಡೆಂದು ಕೇಳಿದ ಅರ್ಜುನನು ರಣರಂಗದಲ್ಲಿ ಕವಚವನ್ನು ಕಳಚಲಿಲ್ಲ. ಭಾಗವತದ ಆರನೆಯ ಸ್ಕಂಧದಲ್ಲಿ ವಿಶ್ವರೂಪನಿಂದ ನಾರಾಯಣಕವಚವನ್ನು ಪಡೆದ ಇಂದ್ರನು ಮನೆಯಲ್ಲಿ ಅಡಗಿ ಕೂರಲಿಲ್ಲ, ಅಸುರರ ಎದುರು ಹೋದನು. ಕವಚವಿರುವುದು ಕಾರ್ಯಕ್ಕೆ ಇಳಿಯುವುದಕ್ಕಾಗಿ.

ಅಲ್ಲದೆ, ಯೋಗಕ್ಕೆ ದೊರೆಯುವ ಮೆರವಣಿಗೆ ಕ್ಷೇಮಕ್ಕೆ ದೊರೆಯುವುದಿಲ್ಲ. ನಮ್ಮ ಸೀಮೆಗೆ ಇದು ಕಣ್ಣೆದುರಿನ ಪಾಠ. ತುಂಗಭದ್ರೆಗೆ ಅಣೆ ಕಟ್ಟಿ, 1953ರಿಂದ ಕಾಲುವೆಗೆ ನೀರು ಹರಿದು, ಸಿಂಧನೂರಿನ ಎರೆಭೂಮಿ ಭತ್ತದ ಗದ್ದೆಯಾಯಿತು. ಅದು ಯೋಗ. 2024ರ ಆಗಸ್ಟ್ 10ರ ರಾತ್ರಿ ಆ ಅಣೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ನದಿಯ ಪಾಲಾಗುತ್ತಿದ್ದಾಗ, ನಾಟಿ ಮಾಡಿದ ರೈತರು ಅನುಭವಿಸಿದ ತಳಮಳವನ್ನು ಮರೆಯುವಂತಿಲ್ಲ. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ತಡೆ ಇಳಿಸಲಾಯಿತೆಂಬುದು ಶ್ರೀಹರಿಯ ಕೃಪೆ, ಶ್ರಮಿಸಿದವರ ಸಾಹಸ. ಅಷ್ಟು ದೊಡ್ಡ ಅಣೆಗೆ ಒಂದು ಸರಪಳಿಯ ಕ್ಷೇಮವೂ ಅಣೆಯಷ್ಟೇ ದೊಡ್ಡದೆಂದು ಆ ರಾತ್ರಿ ತಿಳಿಯಿತು. ಆದ್ದರಿಂದ ಪಡೆದುದನ್ನು ಕಾಯುವ ಕೆಲಸ ಅಲ್ಪರದೆಂದು ಹೀಗಳೆಯಲಾಗದು.

ಇನ್ನು ಎರಡನೆಯ ಪಕ್ಷದ ಲೋಪ. ‘ಎಷ್ಟು ಕಾಪಾಡಿದರೂ ಹೆಚ್ಚಲ್ಲ’ ಎಂಬ ಮಾತಿನ ಬೇರಿನಲ್ಲಿ ‘ಇದು ನನ್ನದು’ ಎಂಬ ಭಾವವಿದೆ. ಸ್ವತಂತ್ರವಾದ ತತ್ತ್ವ ಶ್ರೀಹರಿಯೊಬ್ಬನೇ. ಉಳಿದುದೆಲ್ಲ ಅವನ ಅಧೀನ. ಹಾಗಾದರೆ ಕಿಸೆಯಲ್ಲಿರುವ ಫೋನು ಯಾರದು? ಅದು ನಮ್ಮ ಕೈಯಲ್ಲಿಟ್ಟ ನ್ಯಾಸ. ಇಟ್ಟವನು ಬೇರೆ, ಇಟ್ಟುಕೊಂಡವರು ನಾವು. ಇಟ್ಟುಕೊಂಡವನ ಧರ್ಮವೇನೆಂಬುದನ್ನು ಯಾಜ್ಞವಲ್ಕ್ಯಸ್ಮೃತಿಯೇ ಮೊದಲಾದ ಧರ್ಮಶಾಸ್ತ್ರಗಳು ನಿಕ್ಷೇಪದ ಪ್ರಕರಣದಲ್ಲಿ ವಿಚಾರಿಸಿವೆ. ನಂಬಿ ಒಪ್ಪಿಸಿದ ವಸ್ತುವನ್ನು ಜೋಪಾನವಾಗಿಡಬೇಕು. ಆದರೆ ರಾಜನಿಂದ, ದೈವದಿಂದ, ಕಳ್ಳರಿಂದ ಅದು ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ.

ಈ ಒಂದು ನ್ಯಾಯದಲ್ಲಿ ನಮ್ಮ ಪ್ರಶ್ನೆಯ ಅರ್ಧಕ್ಕೂ ಹೆಚ್ಚಿನ ಉತ್ತರವಿದೆ. ನ್ಯಾಸವಾದುದರಿಂದ ಜಾಗರೂಕತೆ ಕರ್ತವ್ಯ; ನೂರಿನ್ನೂರು ರೂಪಾಯಿಯಿಂದ ಹಲವು ಸಾವಿರದ ನಷ್ಟ ತಪ್ಪುವ ಸಂಭವವಿರುವಾಗ ಅಲಕ್ಷ್ಯ ಮಾಡುವುದು ತಪ್ಪು. ನ್ಯಾಸವಾದುದರಿಂದಲೇ, ತಕ್ಕ ಜಾಗರೂಕತೆಯ ಅನಂತರವೂ ಅದು ಒಡೆದರೆ ಆ ಭಾಗ ದೈವದ್ದು. ಅದಕ್ಕಾಗಿ ಎದೆ ಒಡೆದುಕೊಳ್ಳಬೇಕಾಗಿಲ್ಲ. ಕಾಯುವ ಕೈ ನಮ್ಮದು, ವಸ್ತು ಅವನದು. ಕೈಯನ್ನು ಮರೆತರೆ ಪ್ರಮಾದ. ಒಡೆಯನನ್ನು ಮರೆತರೆ ಮಮಕಾರ.

ಆದರೆ ತಕ್ಕ ಜಾಗರೂಕತೆ ಎಲ್ಲಿಗೆ ಮುಗಿದು ಮಮಕಾರ ಎಲ್ಲಿಂದ ಮೊದಲಾಗುತ್ತದೆ? ಇದಕ್ಕೆ ಬಳಕೆಯೇ ಅಳತೆ. ಹೊದಿಕೆಯಿಂದ ವಸ್ತು ನಿರ್ಭಯವಾಗಿ ಬಳಕೆಗೆ ಬರುವುದಾದರೆ ಅದು ಕ್ಷೇಮ. ಹೊದಿಕೆಯ ಚಿಂತೆಯಿಂದ ಬಳಕೆಯೇ ಕುಂದುವುದಾದರೆ ಅದು ಮಮಕಾರ. ಸಾಲಿಗ್ರಾಮವನ್ನು ಸಂಪುಷ್ಟದಲ್ಲಿ ಭದ್ರವಾಗಿಡುತ್ತೇವೆ. ಪೂಜಾಕಾಲದಲ್ಲಿ ದಿನವೂ ತೆರೆಯುತ್ತೇವೆ. ತೆರೆಯದ ಸಂಪುಷ್ಟದಿಂದ ಭದ್ರತೆ ಲಭಿಸಬಹುದು, ಪೂಜೆ ಲಭಿಸುವುದಿಲ್ಲ. ಭಗವತ್ಪ್ರತೀಕದೊಡನೆ ಯಂತ್ರವನ್ನು ಸಮ ಮಾಡುವ ಮಾತಲ್ಲವಿದು; ರಕ್ಷಣೆಯ ಪ್ರಯೋಜನವನ್ನು ತಿಳಿಸುವ ದೃಷ್ಟಾಂತ ಮಾತ್ರ.

ಈ ಅಳತೆಯನ್ನು ನಮ್ಮ ನೆಲವೇ ಎರಡು ರೀತಿಯಿಂದ ತೋರಿಸಿಕೊಟ್ಟಿದೆ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನು ಮಸ್ಕಿಯ ಗುಡ್ಡದಲ್ಲಿ ಅಶೋಕನ ಶಾಸನವನ್ನು ಕಂಡನು. ಅದುವರೆಗೆ ದೊರೆತ ಶಾಸನಗಳಲ್ಲಿ ಬಿರುದು ಮಾತ್ರವಿದ್ದು, ಅಶೋಕನೆಂಬ ಹೆಸರು ಈ ಬಂಡೆಯಲ್ಲಿ ದೊರೆತುದರಿಂದ ಮಸ್ಕಿಗೆ ಜಗತ್ಪ್ರಸಿದ್ಧಿ ಬಂದಿತು. ಎರಡು ಸಾವಿರ ವರ್ಷಕ್ಕೂ ಮೀರಿ ಬಂಡೆ ಅಕ್ಷರಗಳನ್ನು ಕಾಯಿತು. ಆದರೆ ನಡುವೆ ಆ ಲಿಪಿಯನ್ನು ಓದಬಲ್ಲವರು ಲೋಕದಲ್ಲಿಯೇ ಇಲ್ಲವಾದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಅಕ್ಷರಗಳನ್ನು ಬಿಡಿಸುವವರೆಗೆ ಇಂಥ ಶಾಸನಗಳೆಲ್ಲ ಮೂಕವಾಗಿದ್ದವು. ವಸ್ತು ಉಳಿಯಿತು, ಬಳಕೆ ಅಳಿಯಿತು, ಉಳಿದೂ ಉಳಿಯದಂತಾಯಿತು. ಇತ್ತ ಮಾನವಿಯ ಜಗನ್ನಾಥದಾಸರು, ಅವರ ಶಿಷ್ಯರಾದ ಲಿಂಗಸುಗೂರಿನ ಪ್ರಾಣೇಶದಾಸರು ಹಾಡಿದುದಕ್ಕೆ ಬಂಡೆಯ ಆಸರೆಯಿರಲಿಲ್ಲ. ಓಲೆ, ಕಾಗದಗಳಲ್ಲಿ ಬರೆದವರು ಬರೆದುಕೊಂಡರು. ಬೆಳಗಿನ ಕೆಲಸ ಮಾಡುತ್ತ ಮನೆಯ ಹೆಂಗಸರು ಹಾಡಿಕೊಂಡರು, ಏಕಾದಶಿಯ ರಾತ್ರಿ ಭಜನೆಯವರು ಹಾಡಿದರು. ದಾಸರ ಪದಗಳು ಇಂದಿಗೂ ಜೀವಂತವಾಗಿವೆ. ದಿನವೂ ಬಳಸಿದ್ದೇ ಅವುಗಳಿಗೆ ಕವಚವಾಯಿತು.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು. ಹಿಂದಿನ ಲಿಪಿಕಾರರು ಗ್ರಂಥದ ಕೊನೆಯಲ್ಲಿ, ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ ತನ್ನನ್ನು ಕಾಪಾಡಬೇಕೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಬರೆಯುವ ವಾಡಿಕೆಯಿತ್ತು. ಅಂಥ ಓಲೆಯ ಕಟ್ಟುಗಳು ಎಷ್ಟು ಮನೆಗಳ ಅಟ್ಟದ ಮೇಲೆ ಗೆದ್ದಲಿನ ಪಾಲಾಗಿಲ್ಲ? ನಾಲ್ಕೈದು ವರ್ಷದಲ್ಲಿ ಹಳತಾಗುವ ಯಂತ್ರಕ್ಕೆ ಕೊಂಡ ದಿನವೇ ಹೊದಿಕೆ. ತಲೆತಲಾಂತರದಿಂದ ಬಂದ, ಇನ್ನೊಂದು ಪ್ರತಿಯಿರದ ಗ್ರಂಥಕ್ಕೆ ಒಂದು ಮೊಳ ಬಟ್ಟೆಯೂ ಇಲ್ಲ! ಬೆಲೆಯನ್ನು ರಸೀದಿಯಿಂದ ಮಾತ್ರ ಅಳೆಯುವ ಬುದ್ಧಿಗೆ ಹೀಗಾಗುವುದು ಸಹಜ. ಫೋನಿಗೆ ಹೊದಿಕೆ ಹಾಕುವ ಕೈ ಒಮ್ಮೆ ಆ ಅಟ್ಟದ ಕಡೆಗೂ ಚಾಚಲಿ. ಆ ಓಲೆಗಳ ಚಿತ್ರ ತೆಗೆದಿಡುವ ಸಾಮರ್ಥ್ಯ ಅದೇ ಫೋನಿಗಿದೆ. ನ್ಯಾಸವನ್ನು ಒಡೆಯನ ಸೇವೆಗೆ ಬಳಸುವುದೆಂದರೆ ಇದು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ವಿಚಾರ. ಬೆಲೆಬಾಳುವ, ಬೇಗನೆ ಒಡೆಯುವ ವಸ್ತುವನ್ನು ಮನೆಗೆ ತಂದವನು ಮನೆಮಂದಿಯನ್ನೆಲ್ಲ ಒಂದು ಅಪಾಯಕ್ಕೆ ಒಡ್ಡುತ್ತಾನೆ. ಆಡುವ ಮಗು ಅದನ್ನು ಎಳೆಯಬಹುದು. ಕೈ ನಡುಗುವ ಅಜ್ಜಿ ಪ್ರವಚನ ಕೇಳುತ್ತ ಜಾರಿಸಬಹುದು. ಮನೆಗೆಲಸದವಳ ಸೆರಗು ತಾಗಿ ಕೆಳಗೆ ಬೀಳಬಹುದು. ಅವರ ತಪ್ಪು ಒಂದು ಕ್ಷಣದ್ದು. ಆಗ ಬಾಯಿಂದ ಹೊರಡುವ ಕಠಿಣವಾದ ಮಾತು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಗಾಜನ್ನು ಅಂಗಡಿಯಲ್ಲಿ ಅರ್ಧ ತಾಸಿನಲ್ಲಿ ಬದಲಿಸುತ್ತಾರೆ. ಮಗುವಿನ ಮನಸ್ಸಿನಲ್ಲಿ ಬಿದ್ದ ಗೀರನ್ನು ಬದಲಿಸುವ ಅಂಗಡಿ ಎಲ್ಲಿಯೂ ಇಲ್ಲ. ಹೊದಿಕೆ ಹಾಕಿಸುವವನು ಈ ದೃಷ್ಟಿಯಿಂದ ಹಾಕಿಸಲಿ: ನನ್ನ ವಸ್ತುವನ್ನು ಇವರಿಂದ ಕಾಪಾಡಲಿಕ್ಕಲ್ಲ, ಇವರನ್ನು ನನ್ನ ಕೋಪದಿಂದ ಕಾಪಾಡಲಿಕ್ಕೆ. ಆಗ ಆ ಅಲ್ಪವಾದ ಗಾಜೂ ದಯೆಯ ಸಾಧನವಾಗುತ್ತದೆ. ಹೊದಿಕೆ ಹಾಕಿಸಿಯೂ ಅದು ಬಿದ್ದು ಒಡೆದ ದಿನ, ಮೊದಲು ‘ಮಗುವಿಗೆ ಪೆಟ್ಟಾಯಿತೇ?’ ಎಂದು ಕೇಳಬಲ್ಲವನಿಗೆ ಆ ವಸ್ತು ನ್ಯಾಸ. ಮೊದಲು ಗಾಜನ್ನು ನೋಡುವವನಿಗೆ ವಸ್ತುವೇ ಒಡೆಯ, ಅವನು ಅದರ ಆಳು.

ಆದ್ದರಿಂದ ನಿರ್ಣಯವಿಷ್ಟು. ಮರಳಿನ ಗಾಳಿ ಬೀಸುವ ನಮ್ಮ ಊರುಗಳಲ್ಲಿ, ಬಹುಜನರ ಕೈಯಲ್ಲಿ ಓಡಾಡುವ ಬೆಲೆಯುಳ್ಳ ಫೋನಿಗೆ ಮೇಲೊಂದು ಗಾಜು, ಸುತ್ತ ಒಂದು ಕವರು ಹಾಕಿಸುವುದು ಯುಕ್ತ. ಅದರಿಂದ ಶರಣಾಗತಿಗೆ ಭಂಗವಿಲ್ಲ. ಕವಚಕ್ಕೆ ಕವಚವೆಂಬ ಅನವಸ್ಥೆಯೂ ಇಲ್ಲ. ಏಕೆಂದರೆ ಮೇಲಿನ ಗಾಜು ಒಡೆಯುವುದಕ್ಕಾಗಿಯೇ ಇರುವುದು, ಅದನ್ನು ಕಾಯಬೇಕಾಗಿಲ್ಲ. ಅದು ಒಡೆದರೆ ತನ್ನ ಕೆಲಸ ಮುಗಿಸಿತೆಂದು ತಿಳಿದು ಬದಲಿಸುವುದು. ಹಾಕಿಸಿದ ಮೇಲೆ ಅದನ್ನು ಮರೆತು, ಯಾವ ಕಾರ್ಯಕ್ಕೆ ಯಂತ್ರ ಬಂದಿದೆಯೋ ಆ ಕಾರ್ಯದಲ್ಲಿ ತೊಡಗುವುದು.

ಫಲವೇನೆಂದರೆ, ಚಿಕ್ಕ ವಸ್ತುವಿನಲ್ಲಿ ನ್ಯಾಸಬುದ್ಧಿಯನ್ನು ಅಭ್ಯಾಸ ಮಾಡಿದವನಿಗೆ ದೊಡ್ಡದರಲ್ಲಿಯೂ ಅದು ಕೈಗೂಡುತ್ತದೆ. ಹೊಲ, ಮನೆ, ಮಕ್ಕಳು, ಕಡೆಗೆ ಈ ದೇಹ ಇವೂ ನಮ್ಮಲ್ಲಿಟ್ಟ ನ್ಯಾಸಗಳೇ. ಇವನ್ನು ಜೋಪಾನವಾಗಿ ನೋಡಿಕೊಂಡು, ಚೆನ್ನಾಗಿ ಬಳಸಿ, ಒಡೆಯನು ಕೇಳಿದಾಗ ಗೊಣಗದೆ ಒಪ್ಪಿಸುವಂತಾದರೆ ಜನ್ಮ ಸಾರ್ಥಕ. ಅಂಥ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮಗೆಲ್ಲ ಅನುಗ್ರಹಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥