ಹಳತಾಗುವುದು ಕಾರಣವೇ?

ಮುಂಬೈಯ ಧಾರಾವಿಯ ತೊಂಬತ್ತಡಿ ರಸ್ತೆಯ ಆಚೀಚಿನ ಓಣಿಗಳಲ್ಲಿ ನೆಲಮಟ್ಟಕ್ಕೊಂದು ಗಾಲಾ (ಕೆಲಸದ ಕೋಣೆ), ಅದರ ನೆತ್ತಿಯ ಮೇಲೊಂದು ಖೋಲಿ, ಅದಕ್ಕೆ ತಗಡಿನ ಮಾಡು. ಅಲ್ಲಿ ಕಬ್ಬಿಣದ ಆಂಗಲ್‌ಗಳ ಮೇಲೆ ಕೂರಿಸಿದ ಹಳೆಯ ಕಿಟಕಿ ಎಸಿ ನಡುಗತೊಡಗಿದರೆ ಗೋಡೆಯ ತಗಡೂ ಜೊತೆಗೆ ಅದುರುತ್ತದೆ. ‘ಹಳತಾಯಿತು, ಭಂಗಾರ್‌ಗೆ (ಗುಜರಿಗೆ) ಹಾಕಿ’ ಎಂಬ ತೀರ್ಪು ಒಡನೆ ಬರುತ್ತದೆ. ಬರೀ ವ್ಯವಹಾರದ್ದಾಗಿ ಕಾಣುವ ಈ ಮಾತಿನಲ್ಲಿ ಒಂದು ತಾತ್ತ್ವಿಕ ನಿಲುವು ಅಡಗಿದೆ: ಕೆಡುಕಿಗೆ ಕಾಲವೇ ಕಾರಣ ಎಂಬುದು. ಕಾಯಿಲೆಗೆ ‘ವಯಸ್ಸಾಯಿತಲ್ಲ’, ಬಡತನಕ್ಕೆ ‘ಹಣೆಬರಹ’ ಎಂದು ಹೇಳಿ ಮುಗಿಸುವುದೂ ಇದೇ ನಿಲುವಿನಿಂದ. ಅದು ತಪ್ಪು, ಮತ್ತು ತಪ್ಪೆಂದು ತೋರಿಸುವ ಸಲಕರಣೆ ನಮ್ಮ ಶಾಸ್ತ್ರಗಳಲ್ಲೇ ಇದೆ.

ಶ್ವೇತಾಶ್ವತರ ಉಪನಿಷತ್ತು ಆರಂಭದಲ್ಲೇ ಕಾಲ, ಸ್ವಭಾವ, ನಿಯತಿ, ಆಕಸ್ಮಿಕ ಇವು ಜಗತ್ತಿಗೆ ಕಾರಣವೇ ಎಂದು ಕೇಳಿ, ಅವು ಸಾಲವು ಎಂದು ಮುಂದಕ್ಕೆ ಹೋಗುತ್ತದೆ. ನ್ಯಾಯದರ್ಶನದ ಪಂಡಿತರಾದ ನೈಯಾಯಿಕರು ಇನ್ನಷ್ಟು ಬಿಗಿ. ಕಾಲ, ದಿಕ್ಕು, ಅದೃಷ್ಟ, ಈಶ್ವರ ಇವೆಲ್ಲ ಅವರ ಲೆಕ್ಕದಲ್ಲಿ ಸಾಧಾರಣ ಕಾರಣಗಳು, ಅಂದರೆ ಪ್ರತಿಯೊಂದು ಕಾರ್ಯಕ್ಕೂ ಸಮಾನವಾದವು. ಎಲ್ಲಕ್ಕೂ ಕಾರಣವಾದದ್ದು ಈ ಒಂದನ್ನು ವಿವರಿಸಲಾರದು. ಪಕ್ಕದ ಖೋಲಿಯಲ್ಲಿ ಅಷ್ಟೇ ಹಳೆಯ ಎಸಿ ಸುಮ್ಮನೆ ಓಡುತ್ತಿರಬಹುದಲ್ಲ. 17ನೇ ಶತಮಾನದ ಅನ್ನಂಭಟ್ಟ ತರ್ಕಸಂಗ್ರಹದಲ್ಲಿ ಇದಕ್ಕೆ ತಕ್ಕ ದೃಷ್ಟಾಂತ ಕೊಡುತ್ತಾನೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಿಲ್ಲ, ಹಸಿ ಸೌದೆ ಸೇರಿದಾಗಲೇ ಹೊಗೆ. ಆ ಹಸಿ ಸೌದೆಯೇ ಉಪಾಧಿ, ಅಂದರೆ ಆ ಸಂಬಂಧಕ್ಕೆ ಬೇಕಾದ ಹೆಚ್ಚಿನ ಷರತ್ತು. ಹಳೆತನಕ್ಕೂ ನಡುಕಕ್ಕೂ ನಡುವೆ ಇಂಥದೇ ಉಪಾಧಿ ಕೂತಿದೆ: ಕಲ್ಲಾದ ರಬ್ಬರ್ ಬುಷ್, ಸಡಿಲಾದ ಸ್ಕ್ರೂ, ಧೂಳು ಮೆತ್ತಿದ ರೆಕ್ಕೆ, ಸವೆದ ಬೇರಿಂಗ್, ಇವುಗಳಲ್ಲಿ ಯಾವುದೋ ಒಂದು.

ಅದು ಯಾವುದೆಂದು ತಿಳಿಯುವ ದಾರಿ ಅನ್ವಯ-ವ್ಯತಿರೇಕ: ಕಾರಣವಿದ್ದರೆ ಕಾರ್ಯ, ಇಲ್ಲದಿದ್ದರೆ ಇಲ್ಲ. ಕಿಟಕಿ ಎಸಿಯಲ್ಲಿ ಸಾಮಾನ್ಯವಾಗಿ ಒಂದೇ ಮೋಟಾರಿನ ಶಾಫ್ಟ್ ಎರಡೂ ಕಡೆ ಚಾಚಿರುತ್ತದೆ. ಒಳತುದಿಗೆ ಬ್ಲೋವರ್, ಹೊರತುದಿಗೆ ಫ್ಯಾನ್. ಕಂಪ್ರೆಸರ್ ಬೇರೆ. ಆದ್ದರಿಂದ ಫ್ಯಾನ್ ಮೋಡ್‌ನಲ್ಲಷ್ಟೇ ಓಡಿಸಿದರೆ ಕಂಪ್ರೆಸರ್ ನಿಂತಿರುತ್ತದೆ, ವ್ಯತಿರೇಕದ ಪ್ರಯೋಗ ತಾನೇ ಸಿದ್ಧವಾದಂತೆ. ಆಗಲೂ ನಡುಕವಿದ್ದರೆ ಕಂಪ್ರೆಸರ್ ನಿರಪರಾಧಿ. ದೋಷ ಮೋಟಾರ್, ರೆಕ್ಕೆ ಅಥವಾ ಸ್ಟ್ಯಾಂಡಿನ ಕಡೆ. ವೇಗ ತಗ್ಗಿಸಿದಾಗ ನಡುಕ ಇಳಿದರೆ ಸಮತೋಲ ತಪ್ಪಿದ ರೆಕ್ಕೆಯ ಮೇಲೆ ಅನುಮಾನ ಬಲಿಯುತ್ತದೆ, ಏಕೆಂದರೆ ವೇಗ ಇಮ್ಮಡಿಯಾದರೆ ಅಸಮತೋಲದ ಎಳೆತ ನಾಲ್ಮಡಿಯಾಗುತ್ತದೆ. ಕುಂಬಾರರ ಕೇರಿಯಾದ ಕುಂಭಾರವಾಡಾದ ಭಟ್ಟಿಗಳ ಮಸಿ, ಹೊಲಿಗೆ ಗಾಲಾಗಳ ನೂಲಿನ ಧೂಳು ರೆಕ್ಕೆಗಳ ಮೇಲೆ ಸಮನಾಗಿ ಕೂರುವುದಿಲ್ಲ. ತೊಳೆದರೆ ಎಷ್ಟೋ ಸಲ ಸರಿಹೋಗುತ್ತದೆ. ಕಂಪ್ರೆಸರ್ ಶುರುವಾದ ಮೇಲಷ್ಟೇ ನಡುಗಿದರೆ ಅದರ ಕಾಲಿನ ರಬ್ಬರ್ ನೋಡಬೇಕು, ಹೊರಕವಚಕ್ಕೆ ತಾಗುವ ತಾಮ್ರದ ಕೊಳವೆ ನೋಡಬೇಕು.

ಪ್ರತ್ಯಕ್ಷವನ್ನಷ್ಟೇ ನಂಬುವ ಚಾರ್ವಾಕ ಇಲ್ಲಿ ಅಡ್ಡ ಬರುತ್ತಾನೆ: ಇಂಥ ಅನುಮಾನ ಖಚಿತವೆಂದು ಯಾರು ಹೇಳಬಲ್ಲರು? ಕೊಳವೆ ತಾಗುವುದೂ ನಡುಗುವುದೂ ಬರಿಯ ಕಾಕತಾಳೀಯ ಇರಬಹುದಲ್ಲ? ನೈಯಾಯಿಕ ಉದಯನನ ಉತ್ತರ ಇಂದಿಗೂ ಗಟ್ಟಿ: ಶಂಕೆ ನಮ್ಮ ನಡೆಗೆ ವಿರುದ್ಧವಾಗುವಲ್ಲಿ ನಿಲ್ಲುತ್ತದೆ. ಶಂಕಿಸುವವನೂ ಹಸಿದಾಗ ಅನ್ನವನ್ನೇ ಹುಡುಕುತ್ತಾನೆ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಎಲ್ಲ ಅನಿತ್ಯವೆಂದು ಒಪ್ಪಿದ ಮೇಲೆ ಹಳೆಯ ಪೆಟ್ಟಿಗೆಗೆ ಜೋತು ಬೀಳುವುದು ಮೋಹವಲ್ಲವೇ? ಅನಿತ್ಯವೆಂದು ಬೋಧಿಸಿದ ಬೌದ್ಧ ಸಂಘದ ನಡೆಯೇ ಬೇರೆ ಮಾತು ಹೇಳುತ್ತದೆ. ಇಷ್ಟೊಂದು ಚೀವರಗಳನ್ನು (ಭಿಕ್ಷುವಸ್ತ್ರಗಳನ್ನು) ಏನು ಮಾಡುವಿರಿ ಎಂದು ಕೌಶಾಂಬಿಯ ಅರಸ ಕೇಳಿದಾಗ ಬುದ್ಧನ ಶಿಷ್ಯ ಆನಂದನು ಕೊಟ್ಟ ಲೆಕ್ಕ ವಿನಯಪಿಟಕದಲ್ಲಿದೆ: ಹಳೆಯ ಚೀವರ ಹಾಸಿಗೆಯ ಹೊದಿಕೆ, ಅದು ಸವೆದರೆ ನೆಲದ ಹಾಸು, ಆಮೇಲೆ ಕಾಲೊರಸು, ಕೊನೆಗೆ ಕೊಚ್ಚಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಮೆತ್ತುವುದು. ಇದು ಮೋಹವಲ್ಲ, ಎಚ್ಚರ. ಅನಿತ್ಯತೆ ಎಲ್ಲಕ್ಕೂ ಕೊನೆಯುಂಟೆಂದು ಹೇಳುತ್ತದೆಯೇ ಹೊರತು ಆ ಕೊನೆ ಇಂದೇ ಎಂದು ಹೇಳುವುದಿಲ್ಲ. ಕಂಪ್ರೆಸರ್ ಒಳಗೇ ಮುರಿದಿದ್ದರೆ ಸರಿ, ಪೆಟ್ಟಿಗೆ ಧಾರಾವಿಯ ಗುಜರಿ ಪೇಟೆಯಾದ ಹದಿಮೂರನೇ ಕಾಂಪೌಂಡಿಗೆ ಹೋಗಿ ತಾಮ್ರ, ಅಲ್ಯೂಮಿನಿಯಂ, ಪ್ಲಾಸ್ಟಿಕ್ ಆಗಿ ಬೇರೆಯಾಗಲಿ. ಆದರೆ ಆ ತೀರ್ಪು ಪರೀಕ್ಷೆಯ ನಂತರದ್ದಾಗಿರಬೇಕು.

ಆದ್ದರಿಂದ ನಿಮ್ಮ ಎಸಿ ನಡುಗಿದರೆ ಅದರ ವಯಸ್ಸು ಕೇಳಬೇಡಿ. ಮೊದಲು ಫ್ಯಾನ್ ಮೋಡ್‌ಗೆ ಹಾಕಿ ಕೇಳಿಸಿಕೊಳ್ಳಿ. ಬಿಚ್ಚುವ ಮುನ್ನ ಪ್ಲಗ್ ಕಿತ್ತುಬಿಡಿ, ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು.